ಚಪ್ಪಲಿ ಬಿಟ್ಟು ಇಳಿದ ಕಡಲು

ಮೊನ್ನೆ ನಮ್ಮ ಮನೆಗೆ ಬಂದಿದ್ದ ಜಾರ್ಜ್‌ಟೌನಿನ ಸುಮಿತ್ರಾ ಆಂಟಿ, ಅಡುಗೆಮನೆಯ ಕಟ್ಟೆಯ ಮೇಲಿದ್ದ ಸ್ಟೀಲ್ ಡಬ್ಬಿ ತೆರೆದು, ಒಳಗಿದ್ದ ಬಿಳಿಯ ತುಂಡೊಂದರ ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಅಗಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಕೊಬ್ಬರಿ ಮಿಠಾಯಿ ಘಮ ಚೆನ್ನಾಗಿದೆ ಶೈಲಾ. ಪಾಕ ಒಂಚೂರು ಮುಂದಕ್ಕೆ ಹೋಗಿದೆ, ಅಷ್ಟೆ" ಎಂದರು.

ಅದು ಮಿಠಾಯಿಯಲ್ಲ, ಮೇಣ. ಹಲಗೆಯ ಮೇಲೆ ನಿಂತು ಸಮುದ್ರದ ಅಲೆಯೇರುವ ಸರ್ಫಿಂಗ್ ಆಟದಲ್ಲಿ ಕಾಲು ಜಾರದಿರಲೆಂದು ಬೋರ್ಡಿನ ಮೇಲೆ ಉಜ್ಜುವ ಮೇಣ. ಅದಕ್ಕೆ ಕೊಬ್ಬರಿಯ ಪರಿಮಳ ಯಾಕೆ ಬೆರೆಸುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಡುಗೆಮನೆಗೆ ಅದು ಬಂದದ್ದು ನಮ್ಮ ಯಜಮಾನರ ಕೃಪೆಯಿಂದ. ಬಿಗಿಯಾಗಿ ಸಿಕ್ಕಿಕೊಳ್ಳುವ ಡ್ರಾಯರುಗಳಿಗೆಲ್ಲ ಅವರು ಈಗ ಅದನ್ನೇ ಉಜ್ಜುತ್ತಾರೆ. ನಾನು ನಿಜ ಹೇಳಿದ ಮೇಲೆ ಆಂಟಿ ಸಿಂಕಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ನನ್ನ ಬಲಮಂಡಿಯ ಮೇಲಿನ ಉದ್ದ ಆಪರೇಷನ್ ಗಾಯದ ಗುರುತನ್ನು ಒಮ್ಮೆ ನೋಡಿ, "ನೀನು ಸರ್ಫಿಂಗಾ? ಆ ಮಂಡಿ ಇಟ್ಕೊಂಡಾ?" ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಭಾವಿಯಿಂದ ಶುರು ಮಾಡಬೇಕು. ಆಂಟಿಗೆ ಅಷ್ಟು ಪುರುಸೊತ್ತಿರಲಿಲ್ಲ. ನಿಮಗಿದೆ ಎಂದುಕೊಂಡಿದ್ದೇನೆ.

ನಾನು ಗದಗಿನ ಕಡೆಯವಳು. ನಮ್ಮೂರಲ್ಲಿ ಸಮುದ್ರವೆಂದರೆ ನಕಾಶೆಯಲ್ಲಿ ನೀಲಿ ಪೆನ್ಸಿಲು ಸವೆಸುವ ಜಾಗ, ಅಷ್ಟೆ. ನಮಗಿದ್ದದ್ದು ದೊಡ್ಡವ್ವನ ಹೊಲದ ಭಾವಿ. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಅಗಲ ಹಣೆ, ಅದಕ್ಕಿಂತ ಅಗಲ ಕುಂಕುಮ, ಆಚೆ ಹೊಲದವರೆಗೂ ಕೇಳುವ ದನಿ. ಹೆಣ್ಣುಮಕ್ಕಳಿಗೆ ಯಾಕೆ ಈಜು ಎಂದು ಯಾರೋ ಹಿರಿಯರು ಕೇಳಿದ್ದಕ್ಕೆ, "ಭಾವ್ಯಾಗ ಕೊಡ ಬಿದ್ರ ನೀವು ಬಂದು ತಗೀತೀರೇನ್ರಿ?" ಎಂದು ತಿರುಗಿ ಕೇಳಿ ಬಾಯಿ ಮುಚ್ಚಿಸಿದ್ದಳಂತೆ. ಹಾಗಾಗಿ ನಾವು ಅಕ್ಕತಂಗಿಯರೆಲ್ಲ ಬೇಸಿಗೆ ರಜೆಯಲ್ಲಿ ಈಜು ಕಲಿತದ್ದು ಆರೋಗ್ಯಕ್ಕಾಗಿಯೂ ಅಲ್ಲ, ಆಟಕ್ಕಾಗಿಯೂ ಅಲ್ಲ, ಬೀಳಬಹುದಾದ ಕೊಡಗಳಿಗಾಗಿ.

ಅವಳ ಪಾಠಕ್ಕೆ ಒಂದು ಕ್ರಮವಿತ್ತು. ಚಪ್ಪಲಿ ದಂಡೆಯ ಮೇಲೇ ಬಿಡಬೇಕು. ಗಂಗವ್ವನ ಮೈಮೇಲೆ ಚಪ್ಪಲಿಗಾಲು ಇಡುವುದೆಂದರೆ ಅವಳ ಪಾಲಿಗೆ ದೇವರ ಕೋಣೆಗೆ ಎಮ್ಮೆ ನುಗ್ಗಿದ ಹಾಗೆ. ಪಾವಟಿಗೆ ಇಳಿದು, ನೀರು ಮುಟ್ಟಿ, ಕಣ್ಣಿಗೊತ್ತಿಕೊಳ್ಳಬೇಕು. ಆಮೇಲೆ ತೇಲಲೆಂದು ಬೆನ್ನಿಗೆ ಒಣಗಿದ ಕುಂಬಳ ಬುರುಡೆ ಕಟ್ಟಿ ಅವಳೇ ನಮ್ಮನ್ನು ನೀರಿಗೆ ನೂಕುತ್ತಿದ್ದಳು. ಬುರುಡೆ ಬಿಚ್ಚಿದ ದಿನ ನಾನು ಪಾವಟಿಗೆ ಬಿಟ್ಟು ಕದಲಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದ ದೊಡ್ಡವ್ವ ಗದರಲಿಲ್ಲ. "ಅಂಜಬ್ಯಾಡ" ಎಂದಳು. "ಮುಳುಗಿದ್ರ ಮುಳುಗು. ಕಾಲಿಗೆ ತಳ ಹತ್ತಿದ ಕೂಡ್ಲೆ ಜಾಡಿಸಿ ಒದಿ, ಮ್ಯಾಲ ಬರ್ತಿ. ತಳ ಎಲ್ಲೂ ಹೋಗಂಗಿಲ್ಲ."

ಮೂಗು ಹಿಡಿದು ಹಾರಿದೆ. ಹಸಿರು ಕತ್ತಲೆಯಲ್ಲಿ ಇಳಿದೆ, ಇಳಿದೆ, ತಣ್ಣನೆಯ ರಾಡಿ ಅಂಗಾಲಿಗೆ ತಾಕಿತು. ಒದ್ದೆ. ಬೆಳಕು ಬಂತು.

ನನಗೆ ಜೀವನದಲ್ಲಿ ಸಿಕ್ಕ ತತ್ವಜ್ಞಾನ ಇಷ್ಟೇ. ಹೊಸದಾಗಿ ಈ ದೇಶಕ್ಕೆ ಬಂದು ಹೆದ್ದಾರಿಯಲ್ಲಿ ಕಾರು ಓಡಿಸಲು ಅಂಜಿದಾಗ ಅದನ್ನೇ ಹೇಳಿಕೊಂಡೆ. ಪಕ್ಕದ ರಿಚರ್ಡ್‌ಸನ್ ಊರಿನ ಕಂಪನಿ ನನ್ನನ್ನು ಕೆಲಸದಿಂದ ತೆಗೆದಾಗಲೂ ಅದೇ. ವಾರದ ಕೊನೆಗೆ ಊಟಕ್ಕೆ ಬರುವ ಯೂನಿವರ್ಸಿಟಿ ಹುಡುಗರು ಪರೀಕ್ಷೆ ಕೆಟ್ಟಿತೆಂದು ಮುಖ ಸಣ್ಣ ಮಾಡಿದರೆ, ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಅದನ್ನೇ ಬಡಿಸುತ್ತೇನೆ. ನಮ್ಮ ಯಜಮಾನರು ಮುರಳಿ, ಮೈಸೂರಿನವರು, ದನಿ ಎತ್ತಿದವರೇ ಅಲ್ಲ. "ನಿಮ್ಮ ದೊಡ್ಡಮ್ಮ ಈಜು ಮಾತ್ರ ಕಲಿಸಿದ್ದಿದ್ರೆ ಸಾಕಾಗಿತ್ತು, ಜೊತೆಗೆ ಭಾಷಣಾನೂ ಬರೆದುಕೊಟ್ಟಿದ್ದಾರೆ" ಎನ್ನುತ್ತಾರೆ.

ನಾವಿರುವುದು ಟೆಕ್ಸಸ್ಸಿನ ಮರ್ಫಿ ಎಂಬ ಊರಿನಲ್ಲಿ. ಇಲ್ಲಿ ನೀರೆಂದರೆ ಬಾತುಕೋಳಿಗಳು ವಾಕಿಂಗ್ ಹೋಗುವವರನ್ನು ಅಟ್ಟಿಸಿಕೊಂಡು ಬರುವ ಒಂದು ಹೊಂಡ. ಸಮುದ್ರ ಬೇಕಾದರೆ ಹ್ಯೂಸ್ಟನ್ ದಾಟಿ ಗ್ಯಾಲ್ವೆಸ್ಟನ್ನಿಗೆ ಹೋಗಬೇಕು. ನಮ್ಮ ಮಗಳು ಅನಘಾ ಹ್ಯೂಸ್ಟನ್ನಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವಳ ಕಾರಿನ ನೆತ್ತಿಯ ಮೇಲೆ ಕಟ್ಟಿದ್ದ ವಸ್ತುವನ್ನು ನೋಡಿ, ಪಾಪ, ಹುಡುಗಿ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಲು ಮೇಜು ಕೊಂಡಿದ್ದಾಳೆ ಎಂದು ನಾನು ಸಂತೋಷಪಟ್ಟಿದ್ದೆ. ಅದು ಸರ್ಫಿಂಗ್ ಬೋರ್ಡು. ಅವಳ ಅಂಗಿಗಳು ಇವತ್ತಿಗೂ ಮುದ್ದೆಮುದ್ದೆಯಾಗಿಯೇ ಇರುತ್ತವೆ.

ಒಮ್ಮೆ ನಾನೂ ಚಿತ್ರಾನ್ನ ಕಟ್ಟಿಕೊಂಡು ಅವಳ ಜೊತೆ ಹೋದೆ. ಛತ್ರಿಯ ಕೆಳಗೆ ಕೂತು ನೋಡುತ್ತಿದ್ದರೆ, ನನ್ನ ವಯಸ್ಸಿನ, ನನಗಿಂತ ದಪ್ಪನೆಯ ಹೆಂಗಸೊಬ್ಬಳು ಬೋರ್ಡಿನ ಮೇಲೆ ಬೋರಲು ಮಲಗಿ ಕೈಯಿಂದ ನೀರು ಹಿಂದಕ್ಕೆ ತಳ್ಳುತ್ತ ಹೋದಳು. ಬುರುಡೆ ಬೆನ್ನಿನ ಮೇಲಿರುವ ಬದಲು ಹೊಟ್ಟೆಯ ಕೆಳಗಿದೆ, ಅಷ್ಟೇ ತಾನೆ ಎನ್ನಿಸಿತು. ಚಿತ್ರಾನ್ನದ ಡಬ್ಬಿ ಮುಚ್ಚಿ ಎದ್ದೆ. ಆ ಸಂಜೆ ಕಿವಿ, ಮೂಗು, ಎಲ್ಲೆಂದರಲ್ಲಿ ಮರಳು ತುಂಬಿಕೊಂಡು ಬಂದವಳಿಗೆ ಹುಚ್ಚು ಹಿಡಿದಾಗಿತ್ತು.

ಮಲಗುವುದು ಬಂತು. ಏಳುವುದು ಬರಲಿಲ್ಲ. ಅಲೆ ಬೋರ್ಡನ್ನು ಎತ್ತಿದ ಗಳಿಗೆಯಲ್ಲಿ ಎರಡೂ ಕೈಯೂರಿ ಚಂಗನೆ ಎದ್ದು ನಿಲ್ಲಬೇಕು. ನನ್ನ ಎಡಗಾಲು ಮುಂದೆ ಬರುತ್ತಿತ್ತು, ಬಲಮಂಡಿ ಮಾತ್ರ ಅರ್ಧಕ್ಕೇ ಮುಷ್ಕರ ಹೂಡುತ್ತಿತ್ತು. ಹೀಗಾಗಿ ನನ್ನ ಸರ್ಫಿಂಗೆಲ್ಲ ಒಂದು ಮಂಡಿಯ ಮೇಲೆ. ಆಸ್ಟಿನ್ ಹತ್ತಿರ ಯಂತ್ರದಿಂದ ಅಲೆ ಎಬ್ಬಿಸುವ ಕೊಳವೊಂದಿದೆ. ಅಲ್ಲಿ ಅಲೆ ಬಸ್ಸಿನ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತದೆ, ನಾವು ಸಾಲಿನಲ್ಲಿ ಕಾಯಬೇಕು. ಅಲ್ಲಿಯೂ ಅದೇ ಭಂಗಿ. ಅನಘಾ ತೆಗೆದ ಫೋಟೋವನ್ನು ಮುರಳಿ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದರು. "ಅಕ್ಕಾರ, ಯಾರ ಹತ್ರ ಕ್ಷಮಾ ಕೇಳಾಕತ್ತೀರಿ?" ಎಂದು ನನ್ನ ತಮ್ಮನ ಹೆಂಡತಿ ಧಾರವಾಡದಿಂದ ವಿಚಾರಿಸಿದಳು.

ಅಷ್ಟರಲ್ಲಿ ಮಂಡಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಒಳಗೆ ಸವೆಯಲು ಇನ್ನೇನೂ ಉಳಿದಿಲ್ಲ, ಬದಲಿ ಮಂಡಿ ಹಾಕಿಬಿಡೋಣ ಎಂದರು. ಆಪರೇಷನ್ನಿನ ದಿನ ಗೊತ್ತಾಯಿತು. ಆಮೇಲೆ ಏನೇನು ಮಾಡಬಹುದು ಎಂದು ಕೇಳಿದೆ. ನಡೆಯಬಹುದು, ಈಜಬಹುದು, ಸೈಕಲ್ ತುಳಿಯಬಹುದು. ಸರ್ಫಿಂಗ್? ಅವರು ನಕ್ಕರು. ನಾನು ನಗಲಿಲ್ಲ ಎಂದು ಕಂಡಮೇಲೆ ನಗು ನಿಲ್ಲಿಸಿ, ಅದೊಂದು ಬೇಡ ಎಂದರು.

ನನಗೆ ಚಾಂಪಿಯನ್ ಆಗಬೇಕಿರಲಿಲ್ಲ. ಒಂದೇ ಒಂದು ಸಲ, ಹುಟ್ಟುವಾಗ ಕೊಟ್ಟು ಕಳಿಸಿದ ಮಂಡಿಯ ಮೇಲೆ, ಅಲೆಯ ಬೆನ್ನೇರಿ ನಿಲ್ಲಬೇಕಿತ್ತು. ಐವತ್ತು ದಾಟಿದವಳಿಗೆ ಇಂಥ ಆಸೆ ಇದೆ ಎಂದು ಹೇಳಿಕೊಳ್ಳಲೂ ನಾಚಿಕೆ. ಆದರೂ ರಾತ್ರಿ ಊಟಕ್ಕೆ ಕೂತಾಗ ಮುರಳಿಗೆ ಹೇಳಿದೆ. ಅವರು ಸಾರಿನ ಬಟ್ಟಲು ಕೆಳಗಿಟ್ಟು, "ಅನಘಾ ಪನಾಮಾಕ್ಕೆ ಹೋಗ್ತಿದಾಳಲ್ಲ, ಅವಳ ಫ್ರೆಂಡ್ ಕ್ಯಾನ್ಸಲ್ ಮಾಡಿದ್ಲಂತೆ. ನೀನು ಹೋಗ್ಬಾ" ಎಂದರು. ಇಂಥ ಗಂಡನ ಬಗ್ಗೆ ನಾನು ಎಷ್ಟೇ ಗೊಣಗಿದರೂ ನೀವು ನಂಬಬಾರದು.

ಹ್ಯೂಸ್ಟನ್ನಿನಿಂದ ಒಂದು ವಿಮಾನ, ಅಲ್ಲಿಂದ ಗುಬ್ಬಿಯಂಥ ಇನ್ನೊಂದು ವಿಮಾನ, ಆಮೇಲೆ ಮಳೆಯಲ್ಲಿ ನೆನೆಯುತ್ತ ದೋಣಿ. ಪನಾಮಾದ ಕೆರಿಬಿಯನ್ ಮಗ್ಗುಲಲ್ಲಿ ಅಂಗಡಿಯಿಲ್ಲದ, ರಸ್ತೆಯಿಲ್ಲದ ಒಂದು ಪುಟ್ಟ ದ್ವೀಪ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆಯಲ್ಲಿ ನಮ್ಮ ವಾಸ. ಮನೆಯೂ ದೋಣಿಯೂ ಮರಿಸೊಲ್ ಎಂಬ ಹೆಂಗಸಿನವು. ಅರವತ್ತರ ಹತ್ತಿರದ, ಸದಾ ಏನಾದರೂ ತಿನ್ನುತ್ತಿರುವ ಮಾತುಗಾತಿ. ನಾನು ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ರುಚಿ ಹತ್ತಿ, ಮೊದಲ ದಿನವೇ ಅರ್ಧ ಗಂಟು ಖಾಲಿ ಮಾಡಿದಳು. ಅವಳ ಸ್ಪ್ಯಾನಿಷ್, ನನ್ನ ಕನ್ನಡ, ನಡುವೆ ಅನಘಾಳ ಇಂಗ್ಲಿಷ್. ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ಅಲೆ ಏಳುತ್ತಿದ್ದದ್ದು ದ್ವೀಪದಿಂದ ಸ್ವಲ್ಪ ದೂರ, ನೀರಿನೊಳಗಿನ ಹವಳದ ದಿಬ್ಬದ ಮೇಲೆ. ಎಲ್ಲಿಂದಲೋ ಸದ್ದಿಲ್ಲದೆ ಬರುವ ನೀರು ದಿಬ್ಬ ತಾಕಿದ್ದೇ ಎದ್ದು ನಿಂತು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೀರೆಯ ನಿರಿಗೆಯಂತೆ ಮಡಿಚಿಕೊಳ್ಳುತ್ತಿತ್ತು. ದಿಬ್ಬದ ತುದಿಯಲ್ಲಿ, ಅಲೆ ಸಣ್ಣದಾಗಿ ಮೆತ್ತಗಾಗುವ ಕಡೆ ನನ್ನಂಥವರಿಗೂ ಒಂದು ಜಾಗವಿದೆ ಎಂದು ಮರಿಸೊಲ್ ಹೇಳಿದಳು. ನೀರು ಎಷ್ಟು ತಿಳಿ ಎಂದರೆ ಕೆಳಗಿನ ಹವಳ, ಹಳದಿ ಮೀನು, ಎಲ್ಲ ಕೈಗೆ ಸಿಗುವಂತೆ ಕಾಣುತ್ತಿತ್ತು. ನಮ್ಮ ಭಾವಿಯ ತಳವನ್ನು ನಾನು ಒಮ್ಮೆಯೂ ಕಣ್ಣಿನಿಂದ ಕಂಡವಳಲ್ಲ. ತಳ ಕಾಣುವ ನೀರೆಂದರೆ ಇನ್ನೂ ಸುರಕ್ಷಿತ ಎಂದು ನನ್ನ ಬುದ್ಧಿ ಲೆಕ್ಕ ಹಾಕಿತು.

ದೋಣಿಯಲ್ಲಿ ಮರಿಸೊಲ್ ಪಾಠ ಮಾಡಿದಳು, ಅನಘಾ ತರ್ಜುಮೆ ಮಾಡಿದಳು. "ಅಮ್ಮ, ಬಿದ್ರೆ ಫ್ಲಾಟ್ ಆಗಿ ಬೀಳ್ಬೇಕು. ಡೋಂಟ್ ಪುಟ್ ಯುವರ್ ಫೀಟ್ ಡೌನ್. ಕೆಳಗೆ ಕೋರಲ್ ಇದೆ. ಅಂಡ್ ಈ ಶೂಸ್ ಹಾಕ್ಕೋ."

ನೀರಿಗೆಂದೇ ಮಾಡಿದ ರಬ್ಬರಿನ ಬೂಟುಗಳು. ಹಾಕಿಕೊಂಡೆ. ಅವರಿಬ್ಬರೂ ಮೊದಲು ನೀರಿಗೆ ಹಾರಿ ನನ್ನನ್ನು ಕರೆದರು. ನಾನು ದೋಣಿಯ ಅಂಚಿನಲ್ಲಿ ಕೂತು, ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆಗ ನನ್ನ ಕೈಗಳು ನನ್ನನ್ನು ಕೇಳದೆಯೇ ಆ ಬೂಟುಗಳನ್ನು ಬಿಚ್ಚಿ, ದೋಣಿಯ ಮೂಲೆಯಲ್ಲಿ ಜೋಡಿಯಾಗಿ ಇಟ್ಟವು. ಇದನ್ನು ಹೇಗೆ ವಿವರಿಸಲಿ? ಬೇರೆ ದೇಶದವರಿಗೆ ಅದು ಮೂರ್ಖತನ. ನಿಮಗೆ ಗೊತ್ತಿರುತ್ತದೆ. ಕಾಲಲ್ಲಿ ಚಪ್ಪಲಿಯಂಥದ್ದೇನೋ ಇದೆ, ಎದುರಿಗೆ ಗಂಗವ್ವನಿದ್ದಾಳೆ, ಇನ್ನೇನು ಮಾಡಲಿಕ್ಕಾಗುತ್ತದೆ?

ಅನಘಾ ನನ್ನ ಬೋರ್ಡನ್ನು ಹಿಂದಿನಿಂದ ತಳ್ಳಿದಳು. ಅಲೆ ಎತ್ತಿಕೊಂಡಿತು. ಟೆಕ್ಸಸ್ಸಿನ ಯಾವ ಅಲೆಯೂ ನನ್ನನ್ನು ಹಾಗೆ ಎತ್ತಿರಲಿಲ್ಲ. ಎಡಗಾಲು ಮುಂದೆ ಬಂತು, ಬಲಮಂಡಿ ಊರಿತು, ಕ್ಷಮೆ ಕೇಳುವ ಭಂಗಿಯಲ್ಲಿ ಒಂದು ಕ್ಷಣ ಹಾರಿದೆ. ಈಗ ಏಳಬೇಕು ಎಂದುಕೊಳ್ಳುವಷ್ಟರಲ್ಲಿ ಬೋರ್ಡು ಒಂದು ದಿಕ್ಕು, ನಾನೊಂದು ದಿಕ್ಕು. ನೀರಿನೊಳಗೆ ಬಟ್ಟೆ ಒಗೆದಂತೆ ಒಗೆಸಿಕೊಂಡೆ. ಆದರೆ ನನಗೆ ಭಯವಾಗಲಿಲ್ಲ, ನೋಡಿ. ಒಳಗಿನಿಂದ ಆ ಹಳೆಯ ದನಿ ಕೇಳಿತು: ತಳ ಎಲ್ಲೂ ಹೋಗಂಗಿಲ್ಲ. ಕಾಲುಗಳು ಕೆಳಗೆ ಹುಡುಕಿದವು. ತಳ ಸಿಕ್ಕಿತು. ಇದ್ದ ಬಲವನ್ನೆಲ್ಲ ಕೂಡಿಸಿ ಜಾಡಿಸಿ ಒದ್ದೆ.

ತುರಿಮಣೆಯನ್ನು ಒದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ದೋಣಿಗೆ ಹತ್ತಿಸಿದಾಗ ಬಲ ಅಂಗಾಲು ಉದ್ದಕ್ಕೂ ಸೀಳಿತ್ತು. ಮೂಲೆಯಲ್ಲಿ ಜೋಡಿಸಿಟ್ಟ ಬೂಟುಗಳನ್ನು ಅನಘಾ ನೋಡಿದಳು, ನನ್ನನ್ನು ನೋಡಿದಳು. "ಐ ಟೋಲ್ಡ್ ಯು, ಅಮ್ಮ. ಐ ಟೋಲ್ಡ್ ಯು" ಎಂದು ಬೈಯುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಮರಿಸೊಲ್ ನಿಂಬೆಹಣ್ಣು ಹಿಂಡಿ ಗಾಯ ತೊಳೆದಳು. ಗದಗಿನ ಬೈಗುಳಗಳಲ್ಲಿ ನನಗೆ ನೆನಪಿದ್ದವೆಲ್ಲ ಆಗ ಹೊರಬಂದವು. ತೊಳೆದು ಮುಗಿದ ಮೇಲೆ ಅವಳು ಏನೋ ಹೇಳಿದಳು. ಅನಘಾ ಮೂಗು ಒರೆಸಿಕೊಳ್ಳುತ್ತ, "ಹವಳಕ್ಕೂ ಜೀವ ಇದೆ, ಅದಕ್ಕೂ ನೋವಾಗಿರತ್ತೆ ಅಂತಿದಾಳೆ" ಎಂದಳು. ನನಗೆ ನಿಜವಾಗಿ ಪಿಚ್ಚೆನಿಸಿತು. ಜೀವ ಇರುವುದಕ್ಕೆ ಕಾಲು ತಾಕಿದರೆ ನಾವು ಏನು ಮಾಡುತ್ತೇವೋ ಅದನ್ನೇ ಮಾಡಿದೆ. ದೋಣಿಯಿಂದ ಕೈ ಚಾಚಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮರಿಸೊಲ್ ಯಾಕೆಂದು ಕೇಳಿದಳು. ಅನಘಾ ವಿವರಿಸಿದಳು. ಮಗಳಿಗೆ ಇದೆಲ್ಲ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಹವಳದ ಗಾಯ ಕೆಟ್ಟದ್ದು, ವಾಸಿಯಾಗುವವರೆಗೂ ನೀರಿಗಿಳಿಯುವ ಮಾತೇ ಇಲ್ಲ ಎಂದಾಯಿತು. ಅಲ್ಲಿಗೆ ನನ್ನ ಆಸೆ ಮುಗಿಯಿತು. ಉಳಿದ ದಿನಗಳಲ್ಲಿ ದೋಣಿಯ ನೆರಳಿನಲ್ಲಿ ಕಾಲು ಚಾಚಿ ಕೂತು ಮಗಳನ್ನು ನೋಡುವುದೇ ಕೆಲಸ. ಮೊದಲ ದಿನ ಕಣ್ಣೀರೂ ಹಾಕಿದೆ, ಯಾರಿಗೂ ಕಾಣದ ಹಾಗೆ.

ಆದರೆ ನೋಡಿ, ನಾನು ಅವಳನ್ನು ಹಾಗೆ ಬಿಡುವಾಗಿ ನೋಡಿ ಎಷ್ಟು ಕಾಲವಾಗಿತ್ತು. ಮನೆಗೆ ಬಂದರೆ ಅವಳು ತಿನ್ನುವುದು, ಮಲಗುವುದು, ಫೋನು ನೋಡುವುದು, ಇಷ್ಟೇ ನನಗೆ ಕಾಣುತ್ತಿದ್ದದ್ದು. ಇಲ್ಲಿ ಅವಳು ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕಾಯುತ್ತಿದ್ದಳು, ಒಂದು ಚೂರೂ ಚಡಪಡಿಕೆಯಿಲ್ಲದೆ. ಒಳ್ಳೆಯ ಅಲೆ ಬಂದಾಗ ಪಕ್ಕದವರಿಗೆ ಬಿಟ್ಟುಕೊಟ್ಟು, ಅವರು ನಿಂತರೆ ಕೂಗಿ ಹುರಿದುಂಬಿಸುತ್ತಿದ್ದಳು. ಬಿದ್ದರೆ ಎಲೆ ಬಿದ್ದಂತೆ ಹಗುರವಾಗಿ, ಚಪ್ಪಟೆಯಾಗಿ ಬೀಳುತ್ತಿದ್ದಳು. ತಳಕ್ಕೆ ಹೋಗಬೇಕಾದ ಅಗತ್ಯವೇ ಅವಳಿಗಿರಲಿಲ್ಲ. ಇವಳನ್ನು ಯಾವಾಗ ಇಷ್ಟು ಚೆನ್ನಾಗಿ ಬೆಳೆಸಿದೆವು ಎಂದು ನನಗೇ ಆಶ್ಚರ್ಯವಾಯಿತು. ನಾನು ಅಂದುಕೊಂಡಂತೆ ಎಲ್ಲ ನಡೆದಿದ್ದರೆ ಅಲೆಗಳನ್ನು ಮಾತ್ರ ನೋಡಿ ಬರುತ್ತಿದ್ದೆ.

ಊರಿಗೆ ಮರಳಿದ ಮೇಲೆ ಡಾಕ್ಟರು ನನ್ನ ಅಂಗಾಲನ್ನು ತಿರುಗಿಸಿ ನೋಡಿದರು. ಈ ಸಲ ನಗಲಿಲ್ಲ. ಮೈಯಲ್ಲೆಲ್ಲೇ ಇಂಥ ಗಾಯವಿದ್ದರೂ ಮಂಡಿ ತೆರೆಯುವುದಿಲ್ಲ, ನಂಜು ಏರಿದರೆ ಕಷ್ಟ ಎಂದು ಆಪರೇಷನ್ನನ್ನು ಮುಂದಕ್ಕೆ ಹಾಕಿದರು. ಮುರಳಿ ರಜೆ ಹಾಕಿ, ಯಾರದೋ ಮನೆಯಿಂದ ವಾಕರ್ ಎರವಲು ತಂದು, ಬಚ್ಚಲಿಗೆ ಹಿಡಿಕೆ ಕೂಡಿಸಿ ಕಾಯುತ್ತಿದ್ದರು. "ಆಯ್ತು ಬಿಡು" ಎಂದು ರಜೆ ವಾಪಸ್ ಪಡೆದರು. ವಾಕರಿನ ಮೇಲೆ ಸ್ವಲ್ಪ ದಿನ ಟವೆಲ್ ಒಣಗಿದವು.

ಗಾಯ ಒಣಗಿತು. ಹೊಸ ತಾರೀಖು ಇನ್ನೂ ದೂರವಿತ್ತು. ಒಂದು ಶುಕ್ರವಾರ ಅನಘಾಳಿಂದ ಫೋನ್ ಬಂತು. "ಅಮ್ಮ, ನಿನ್ನ ಹತ್ರ ಇನ್ನೂ ಹಳೇ ಮಂಡಿ ಇದೆ ತಾನೆ? ದೆನ್ ವೈ ಆರ್ ಯು ಸಿಟ್ಟಿಂಗ್ ಅಟ್ ಹೋಮ್?"

ನನಗೆ ಹೊಳೆದೇ ಇರಲಿಲ್ಲ. ಬೂಟು ಬಿಚ್ಚಿಟ್ಟ ಆ ತಪ್ಪು ನನಗೆ ಕಾಲದ ಒಂದು ತುಂಡನ್ನು ದಾನ ಕೊಟ್ಟಿತ್ತು. ಅಂದಿನಿಂದ ಶನಿವಾರ ಬಂತೆಂದರೆ ನಾನೂ ಮುರಳಿಯೂ ಬೆಳಗಾಗುತ್ತಲೇ ಹ್ಯೂಸ್ಟನ್ ಹೆದ್ದಾರಿ ಹಿಡಿಯುತ್ತಿದ್ದೆವು. ಫ್ಲಾಸ್ಕಿನಲ್ಲಿ ಕಾಫಿ, ಹಿಂದಿನ ಸೀಟಿನಲ್ಲಿ ಚಿತ್ರಾನ್ನ.

ಗ್ಯಾಲ್ವೆಸ್ಟನ್ನಿನ ಸಮುದ್ರದ ಬಗ್ಗೆ ಸರ್ಫಿಂಗ್ ಮಾಡುವವರು ಒಳ್ಳೆಯ ಮಾತಾಡುವುದಿಲ್ಲ. ನೀರಿನ ಬಣ್ಣ ಹಾಲು ಕಡಿಮೆಯಾದ ಚಹಾದ್ದು. ದೂರದಲ್ಲಿ ಎಣ್ಣೆ ಹಡಗುಗಳು ನಿಂತಿರುತ್ತವೆ. ಅಲೆಗಳು ಸಣ್ಣವು, ಸೋಮಾರಿಗಳು, ದಡಕ್ಕೆ ಬರಬೇಕೋ ಬೇಡವೋ ಎಂದು ಯೋಚಿಸುತ್ತ ಬರುತ್ತವೆ. ಹವಳದ ಅಲೆಗೆ ಅವಸರ. ಎದ್ದೆಯೋ ಬಿದ್ದೆಯೋ, ಒಂದೇ ಕ್ಷಣದ ತೀರ್ಮಾನ. ಇವಕ್ಕೆ ಅವಸರವಿಲ್ಲ. ಸವೆದ ಮಂಡಿಯೊಂದು ತನ್ನೊಳಗೆ ಮಾತುಕತೆ ಮುಗಿಸಿಕೊಳ್ಳುವವರೆಗೂ ಕಾಯುವಷ್ಟು ತಾಳ್ಮೆಯಿದೆ ಅವಕ್ಕೆ. ನಾನು ಲೋಕದ ಇನ್ನೊಂದು ಮೂಲೆಗೆ ಹೋಗಿ ಹುಡುಕಿದ್ದು, ಮಗಳ ಮನೆಯ ಹಿತ್ತಲಲ್ಲೇ ಇತ್ತೆನ್ನಬಹುದು. ಆದರೆ ಹೋಗದಿದ್ದರೆ ಕಾಲು ಸೀಳುತ್ತಿರಲಿಲ್ಲ, ಕಾಲು ಸೀಳದಿದ್ದರೆ ಅಷ್ಟೊತ್ತಿಗೆ ನಾನು ವಾಕರ್ ಹಿಡಿದು ಮರ್ಫಿಯ ಬಾತುಕೋಳಿಗಳಿಂದ ಓಡಿಸಿಕೊಳ್ಳುತ್ತಿದ್ದೆ. ಹಾಗಾಗಿ ಆ ಹವಳದ ಮೇಲೆ ನನಗೆ ದೂರಿಲ್ಲ. ಅದರ ಒಂದು ಚೂರು ಇನ್ನೂ ನನ್ನ ಅಂಗಾಲಿನಲ್ಲಿ ಉಳಿದಿದೆಯೋ ಏನೋ, ಇದ್ದರೆ ಇರಲಿ.

ಮೊದಲ ಶನಿವಾರಗಳಲ್ಲಿ ಅದೇ ಕ್ಷಮೆಯ ಭಂಗಿ. ಹೊಸ ತಾರೀಖು ಹತ್ತಿರ ಬಂತು. ಕೊನೆಯ ಶನಿವಾರ ಅನಘಾ ಬೋರ್ಡಿಗೆ ಗಸಗಸ ಮೇಣ ಉಜ್ಜಿ, ಕೊಬ್ಬರಿ ಮಿಠಾಯಿಯ ಘಮ ಎಬ್ಬಿಸಿ, ನನ್ನ ಕೈಗಿತ್ತಳು. ನಾನು ದಡದಲ್ಲಿ ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪಕ್ಕದಲ್ಲಿ ಅವಳೂ ಬಗ್ಗಿ ನೀರು ಮುಟ್ಟಿದಳು.

ಒಂದು ಕಂದು ಅಲೆ ತೇಕುತ್ತ ಬಂತು. ಅವಳು ತಳ್ಳಿದಳು. "ಟೇಕ್ ಯುವರ್ ಟೈಮ್, ಅಮ್ಮ" ಎಂದು ಕೂಗಿದಳು. ತೆಗೆದುಕೊಂಡೆ. ಎಡಗಾಲು. ಬಲಮಂಡಿ. ಅಲೆ ಕಾದಿತು. ಬಲಗಾಲ ಅಂಗಾಲು ಮೇಣದ ಮೇಲೆ ಊರಿತು, ಮಂಡಿ ಒಳಗೊಳಗೇ ಕಟಕಟ ಎಂದಿತು, ಮತ್ತು ನಾನು ನಿಂತಿದ್ದೆ. ಹೊಲದ ಬೆದರುಬೊಂಬೆಯ ಹಾಗೆ ಎರಡೂ ಕೈ ಚಾಚಿ, ಪೃಷ್ಠ ಹಿಂದಕ್ಕೆ ಹಾಕಿ, ಬಾಯಿ ತೆರೆದು ನಿಂತಿದ್ದೆ. ದಡದಲ್ಲಿ ಮುರಳಿ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡೇ ಎದ್ದು ನಿಂತದ್ದು ಕಂಡಿತು. ಅವರು ಫೋಟೋ ತೆಗೆಯಲು ಮರೆತರು. ಅದಕ್ಕಾಗಿಯೂ ನಾನು ಅವರಿಗೆ ಋಣಿ. ಆ ನಿಲುವನ್ನು ಧಾರವಾಡದವರು ನೋಡುವುದು ಬೇಡ.

ಆಮೇಲೆ ಬಿದ್ದೆ. ಚಪ್ಪಟೆಯಾಗಿ ಬೀಳಬೇಕೆಂಬ ಪಾಠ ಯಾರಿಗೆ ನೆನಪಿತ್ತು? ಕಣ್ಣು ಮುಚ್ಚಿ, ಮೂಗು ಹಿಡಿದು, ಕಾಲು ಕೆಳಗೆ ಮಾಡಿ ಇಳಿದೆ. ಅಂಗಾಲಿಗೆ ಮರಳು ತಾಕಿತು, ತಣ್ಣಗೆ, ಮೆತ್ತಗೆ. ದೊಡ್ಡವ್ವ ಹೇಳಿದಂತೆ ಜಾಡಿಸಿ ಒದ್ದೆ. ನೀರು ಸೊಂಟದ ಮಟ್ಟಕ್ಕಷ್ಟೇ ಇದ್ದದ್ದರಿಂದ ಬುಗ್ಗೆಯಂತೆ ಹೊರಗೆ ಚಿಮ್ಮಿ, ಮಗಳ ತೋಳಿಗೆ ಬಿದ್ದೆ. ತಳ ಎಲ್ಲೂ ಹೋಗಿರಲಿಲ್ಲ.